ರಜೆಯಲ್ಲಿ ಮಕ್ಕಳನ್ನು ಹೊರಗೆ ಬಿಡಬೇಡಿ, ಕರೆದುಕೊಂಡು ಹೋಗಿ

ಏಪ್ರಿಲ್ ಎರಡನೇ ವಾರ ಕಳೆಯಿತೆಂದರೆ ನನ್ನ ಚಿಕಿತ್ಸಾಲಯಕ್ಕೆ ಒಂದು ಬಗೆಯ ಪುಟ್ಟ ರೋಗಿಗಳು ಬರತೊಡಗುತ್ತಾರೆ. ಜ್ವರವಿರುವುದಿಲ್ಲ, ಕೆಮ್ಮಿರುವುದಿಲ್ಲ. ‘ಊಟ ಸೇರುತ್ತಿಲ್ಲ, ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ, ಮಾತನಾಡಿಸಿದರೆ ಸಿಡುಕುತ್ತಾನೆ, ಒಂದು ಒಳ್ಳೆಯ ಟಾನಿಕ್ ಬರೆದುಕೊಡಿ’ ಎಂಬುದು ತಾಯಂದಿರ ಕೋರಿಕೆ. ಶಾಲೆ ಇದ್ದಾಗ ಇಲ್ಲದ ಕಾಯಿಲೆ ರಜೆ ಬಂದೊಡನೆ ಎಲ್ಲಿಂದ ಬಂತು ಎಂದು ನೀವು ಯೋಚಿಸಿದ್ದೀರಾ?

ಹೋದ ವರ್ಷದ ಸಂಗತಿ. ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನೂ ಹನ್ನೆರಡು ವರ್ಷದ ಮಗಳನ್ನೂ ಕರೆದುಕೊಂಡು ಬಂದಿದ್ದರು. ತಂದೆ ಲಗೇಜ್ ಆಟೋ ಓಡಿಸುತ್ತಾರೆ. ಹುಡುಗನ ತೂಕ ನೋಡಿದೆ, ಕಣ್ಣು ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ. ಕಾಯಿಲೆಯ ಲಕ್ಷಣವೇನೂ ಇರಲಿಲ್ಲ. ದಿನಚರಿ ಕೇಳಿದೆ. ತಾಯಿ ಒಂಬತ್ತೂವರೆಗೆ ಅಂಗಡಿಗೆ ಹೊರಟರೆ ಬರುವುದು ರಾತ್ರಿ ಎಂಟೂವರೆಗೆ. ಮಕ್ಕಳು ಏಳುವುದು ಹತ್ತಕ್ಕೆ. ಆಮೇಲೆ ಟಿ.ವಿ., ಅದು ಬೇಸರವಾದರೆ ಮೊಬೈಲು, ಅದರ ಚಾರ್ಜು ಮುಗಿದರೆ ಮತ್ತೆ ಟಿ.ವಿ. ನಡುವೆ ಎರಡು ಪೊಟ್ಟಣ ಕುರುಕಲು ತಿಂಡಿ. ತಗಡಿನ ಮನೆ, ಮಧ್ಯಾಹ್ನ ಒಲೆಯಂತೆ ಕಾಯುತ್ತದೆ. ‘ಬಾಗಿಲು ಹಾಕ್ಕೊಂಡಿರಿ, ಯಾರು ಬಂದ್ರೂ ತೆಗೀಬೇಡಿ’ ಎಂದು ಹೇಳಿ ಹೋಗುತ್ತಾರಂತೆ.

“ಕ್ಯಾಂಪಿಗೆ ಹಾಕೋಣ ಅಂದ್ರೆ ಹದಿನೈದು ದಿನಕ್ಕೆ ಒಬ್ಬೊಬ್ಬರಿಗೆ ನಾಲ್ಕು ಸಾವಿರ ಕೇಳ್ತಾರ್ರಿ ಡಾಕ್ಟ್ರೇ. ಇಬ್ಬರಿಗೂ ಎಲ್ಲಿಂದ ತರೋಣ? ಹೊರಗೆ ಬಿಡೋಣ ಅಂದ್ರೆ ಜೀವ ಹೊಡ್ಕೊಳ್ತೈತಿ” ಎಂದರು. ಈ ಮಾತು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯಿತ್ತು. ನೆರೆಮನೆಯ ಮಗು ಕರಾಟೆಗೂ ಚಿತ್ರಕಲೆಗೂ ಹೋಗುತ್ತಿರುವಾಗ ತಮ್ಮ ಮಕ್ಕಳಿಗೆ ಏನೂ ಕೊಡಲಾಗಲಿಲ್ಲವಲ್ಲ ಎಂಬ ನಾಚಿಕೆ.

ಓದುಗರೇ, ನಿಮ್ಮಲ್ಲೂ ಅನೇಕರಿಗೆ ಈ ನಾಚಿಕೆ ಇರಬಹುದು. ಮೊದಲು ಅದನ್ನು ಬಿಡಿ. ದುಬಾರಿ ಶಿಬಿರಗಳನ್ನು ನಾನು ದೂರುವುದಿಲ್ಲ. ಕೆಲವು ಚೆನ್ನಾಗಿಯೇ ಇರುತ್ತವೆ. ಆದರೆ ಮಗುವಿನ ದೇಹಕ್ಕೂ ಮನಸ್ಸಿಗೂ ರಜೆಯಲ್ಲಿ ಬೇಕಾದ್ದು ಬೆಳಕು, ಓಟ, ನಿದ್ದೆ, ನೀರು ಮತ್ತು ಮನೆಯವರ ಜೊತೆ. ಇವು ಯಾವುವೂ ಅಂಗಡಿಯಲ್ಲಿ ಸಿಗುವ ಪದಾರ್ಥಗಳಲ್ಲ. ಇನ್ನು ಆ ತಾಯಿಯ ಹೆದರಿಕೆಯ ವಿಷಯ. ಅದು ಮಾತ್ರ ನಿಜವಾದದ್ದು, ಅದನ್ನು ಬಿಡಿ ಎಂದು ಹೇಳಲಾರೆ.

ಹಿಂದೆ ನಾನೂ ಸಲೀಸಾಗಿ ಹೇಳಿಬಿಡುತ್ತಿದ್ದೆ, ‘ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕಬೇಡಿ, ಹೊರಗೆ ಬಿಡಿ, ಆಡಿಕೊಳ್ಳಲಿ’ ಎಂದು. ಆರೇಳು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನದ ನಂತರ ಹಾಗೆ ಹೇಳುವುದನ್ನು ನಿಲ್ಲಿಸಿದೆ. ಅಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದೆ. ಟ್ರ್ಯಾಕ್ಟರಿನಲ್ಲಿ ಇಬ್ಬರು ಹುಡುಗರನ್ನು ತಂದರು. ಒಬ್ಬನಿಗೆ ಹದಿಮೂರು, ಇನ್ನೊಬ್ಬನಿಗೆ ಹತ್ತು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ರಜೆಗೆಂದು ಅಜ್ಜಿಯ ಊರಿಗೆ ಬಂದಿದ್ದರು. ಜಮೀನಿನ ಕೃಷಿ ಹೊಂಡದಲ್ಲಿ ಕಾಲು ತೊಳೆಯಲು ಹೋಗಿ ಚಿಕ್ಕವನು ಜಾರಿದ. ಅವನನ್ನು ಎಳೆಯಲು ಹೋಗಿ ದೊಡ್ಡವನೂ ಜಾರಿದ. ಇಬ್ಬರಲ್ಲಿ ಯಾರಿಗೂ ಉಸಿರು ಮರಳಲಿಲ್ಲ. ಹೊಂಡದಿಂದ ಐವತ್ತು ಮಾರು ದೂರದಲ್ಲೇ ದೊಡ್ಡವರು ಕೆಲಸ ಮಾಡುತ್ತಿದ್ದರಂತೆ, ಯಾರಿಗೂ ಕೂಗು ಕೇಳಿಸಲಿಲ್ಲ.

ಕೂಗು ಕೇಳಿಸದಿರುವುದೇ ಈ ಸಾವಿನ ಲಕ್ಷಣ. ಮುಳುಗುತ್ತಿರುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕಿರುಚುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರೆಳೆದುಕೊಳ್ಳಲೇ ಸಮಯ ಸಾಲದು, ಕೂಗುವುದೆಲ್ಲಿ? ನೀರಿಗೆ ಬಿದ್ದು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ವರದಿಯಲ್ಲಿ ಹೇಳಿದೆ. ಅವರಲ್ಲಿ ನಾಲ್ಕನೇ ಒಂದು ಭಾಗ ಐದು ವರ್ಷದೊಳಗಿನ ಕೂಸುಗಳು. ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಇಂಥ ಸುದ್ದಿ ಬಾರದ ವಾರ ಅಪರೂಪ.

2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಬಯಲುಸೀಮೆಯ ತುಂಬ ಹೊಂಡಗಳಾದವು. ಮಳೆಯನ್ನೇ ನಂಬಿದ ಜಮೀನಿಗೆ ಅವು ವರವೇ ಸರಿ. ಆದರೆ ನೀರು ಇಂಗದಿರಲೆಂದು ಅವುಗಳ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಇಳಿಜಾರು, ಪಾಚಿ, ಪ್ಲಾಸ್ಟಿಕ್ ಮೂರೂ ಸೇರಿದರೆ ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಹಳೆಯ ಬಾವಿಗೆ ಮೆಟ್ಟಿಲಾದರೂ ಇರುತ್ತಿತ್ತು. ನಮ್ಮ ಕಡೆಯ ಭದ್ರಾ ನಾಲೆಯೂ ಹೀಗೆಯೇ. ಮೇಲಿಂದ ನೋಡಿದರೆ ಸೌಮ್ಯ, ಒಳಗೆ ಸೆಳೆತ, ಹಿಡಿಯಲು ಆಸರೆ ಇಲ್ಲ.

ಹೊಂಡವಿರುವ ರೈತ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಸುತ್ತ ತಂತಿ ಬೇಲಿ ಹಾಕಿಸಿ. ಅದಾಗುವವರೆಗೆ, ಇವತ್ತೇ, ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿ. ಹಳೆಯ ಟೈರಿನ ಟ್ಯೂಬೊಂದನ್ನು ಪಕ್ಕದಲ್ಲಿಡಿ. ಮಕ್ಕಳಿಗೆ ಒಂದು ಮಾತು ಬಾಯಿಪಾಠ ಮಾಡಿಸಿ: ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬಾರದು, ಕೈ ಚಾಚಬಾರದು. ಕೂಗಿ ದೊಡ್ಡವರನ್ನು ಕರೆಯಬೇಕು. ಹಗ್ಗ, ಪಂಚೆ, ಸೀರೆ, ಖಾಲಿ ಕೊಡ, ಸಿಕ್ಕಿದ್ದನ್ನು ಎಸೆಯಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಅದರಲ್ಲಿ ಅಮೂಲ್ಯ ನಿಮಿಷಗಳು ಕಳೆಯುತ್ತವೆ. ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಒಬ್ಬರು 108ಕ್ಕೆ ಫೋನ್ ಮಾಡಬೇಕು. ಅನುಕೂಲವಿದ್ದರೆ ಆರೇಳು ವರ್ಷದಿಂದಲೇ ಮಕ್ಕಳಿಗೆ ಈಜು ಕಲಿಸಿ. ಸರ್ಕಾರದ ಅಥವಾ ನಗರಪಾಲಿಕೆಯ ಈಜುಕೊಳವಿರುವ ಊರುಗಳಲ್ಲಿ ರಜೆಯ ತರಗತಿಗಳು ನಡೆಯುತ್ತವೆ. ಒಂದೇ ಶಿಬಿರಕ್ಕೆ ಹಣ ಕಟ್ಟಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಈಜಿನದೇ.

‘ಹಾಗಾದರೆ ಮನೆಯಲ್ಲೇ ಇಟ್ಟುಕೊಳ್ಳುವುದು ಕ್ಷೇಮವಲ್ಲವೇ?’ ಎಂದು ನೀವು ಕೇಳಬಹುದು. ಅಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬೆವರುವಂತೆ ಆಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ವರ್ಷದೊಳಗಿನ ಮಗುವಿಗೆ ಪರದೆ ತೋರಿಸಲೇಬಾರದು, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಇನ್ನೊಂದು ವಿಷಯ ಬಹಳ ತಂದೆತಾಯಿಗಳಿಗೆ ಗೊತ್ತಿಲ್ಲ. ಬಯಲಿನ ಬೆಳಕಿಗೂ ಕನ್ನಡಕಕ್ಕೂ ಸಂಬಂಧವಿದೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಪ್ರತಿ ಶಾಲಾದಿನ ಹೆಚ್ಚುವರಿಯಾಗಿ 40 ನಿಮಿಷ ಹೊರಗೆ ಆಡಲು ಬಿಟ್ಟು ಮೂರು ವರ್ಷ ಗಮನಿಸಿದರು. ಹೊರಗೆ ಆಡಿದವರಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಂಡದ್ದು ನೂರಕ್ಕೆ 30 ಮಕ್ಕಳಲ್ಲಿ, ಉಳಿದವರಲ್ಲಿ ಸುಮಾರು 40. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಯಾವ ಔಷಧಿಯೂ ಇಲ್ಲದೆ, ಬರೀ ಹೊರಗಿದ್ದುದರಿಂದ ಆದ ಲಾಭ ಇದು. ಏಳೆಂಟು ವಾರದ ರಜೆಯನ್ನು ಮುಚ್ಚಿದ ಕೋಣೆಯಲ್ಲಿ ಒಂದಡಿ ದೂರದ ಪರದೆ ನೋಡುತ್ತ ಕಳೆದರೆ ಏನಾಗುತ್ತದೆಂದು ನೀವೇ ಊಹಿಸಿ.

ಅಂದರೆ ಮನೆಯಲ್ಲಿಡುವುದೂ ಸರಿಯಲ್ಲ, ಹೊರಗೆ ಬಿಡುವುದೂ ಸರಿಯಲ್ಲ. ಉಳಿದದ್ದು ಒಂದೇ ದಾರಿ. ಕರೆದುಕೊಂಡು ಹೋಗುವುದು.

‘ನಮಗೆ ಬಿಡುವೆಲ್ಲಿದೆ?’ ಈ ಪ್ರಶ್ನೆಯನ್ನೂ ನಾನು ಬಲ್ಲೆ. ಪೂರ್ತಿ ದಿನ ಯಾರು ಕೇಳಿದರು? ಬೇಸಿಗೆಯಲ್ಲಿ ಪೂರ್ತಿ ದಿನದ ತಿರುಗಾಟ ಬೇಡವೇ ಬೇಡ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕೂವರೆಯ ನಂತರ. ಮಕ್ಕಳಿಗೆ ಯೋಗ್ಯವಾದ ಹೊತ್ತು ಇದೇ. ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುತ್ತಾರೆ. ಸರ್ಕಾರಕ್ಕೇ ಬಿಸಿಲಿನ ಭಯವಿರುವಾಗ ಮಕ್ಕಳನ್ನು ಮಧ್ಯಾಹ್ನ ಹನ್ನೆರಡಕ್ಕೆ ಕೋಟೆ ಹತ್ತಿಸುವುದು ಯಾವ ನ್ಯಾಯ? ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಅವರು ಬೆವರುವುದೂ ಕಡಿಮೆ. ಆಟದ ಮೋಜಿನಲ್ಲಿ ಬಾಯಾರಿದ್ದು ಗೊತ್ತಾಗುವುದಿಲ್ಲ. ಆದ್ದರಿಂದ ‘ನೀರು ಬೇಕಾ?’ ಎಂದು ಕೇಳಬೇಡಿ, ಅರ್ಧ ಗಂಟೆಗೊಮ್ಮೆ ಕುಡಿಸಿ.

ವಾರಕ್ಕೆ ಒಂದು ಬೆಳಗು. ಅಷ್ಟು ಸಾಕು. ಎಲ್ಲಿಗೆ ಹೋಗುವುದು?

ನಮ್ಮ ಜಿಲ್ಲೆಯವರಿಗೆ ನಾನು ಮೊದಲು ಹೇಳುವುದು ಚಿತ್ರದುರ್ಗದ ಕೋಟೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡವರಿಗೂ ಒಂದು ತಟ್ಟೆ ಬೆಣ್ಣೆದೋಸೆಗಿಂತ ಕಡಿಮೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೂ ಹೆಣ್ಣುಮಕ್ಕಳಿಗೂ ಅಜ್ಜಿಗೂ ಪ್ರಯಾಣ ಉಚಿತ. ಆರರಿಂದ ಹನ್ನೆರಡು ವರ್ಷದ ಗಂಡುಮಕ್ಕಳಿಗೆ ಅರ್ಧ ಟಿಕೆಟ್. ಮನೆಯ ಗಂಡಸಿಗೆ ಮಾತ್ರ ಪೂರಾ ಚಾರ್ಜು, ಅದಕ್ಕೆ ಅವರು ಗೊಣಗಬಾರದು. ಮೊದಲ ಬಸ್ಸಿಗೆ ಹೊರಟರೆ ಬಿಸಿಲೇರುವ ಮೊದಲು ಕೋಟೆಯ ಬಾಗಿಲಲ್ಲಿರಬಹುದು. ಬಾಗಿಲಿಂದ ಬಾಗಿಲಿಗೆ ದಾರಿ ಹೇಗೆ ತಿರುಗುತ್ತದೆ, ಯಾಕೆ ತಿರುಗುತ್ತದೆ ಎಂದು ಮಕ್ಕಳನ್ನೇ ಕೇಳಿ. ಓಬವ್ವನ ಕಿಂಡಿಯ ಹತ್ತಿರ ಅವರನ್ನು ಎಬ್ಬಿಸುವುದು ಕಷ್ಟವಾದೀತು. ಅಲ್ಲಿಯ ಹೊಂಡಗಳ ಬಳಿ ಮಾತ್ರ ಕೈ ಬಿಡಬೇಡಿ. ಹತ್ತೂವರೆಗೆ ಇಳಿದುಬಿಡಿ, ಬಂಡೆಗಳು ಕಾದಮೇಲೆ ಅಲ್ಲಿ ನೆರಳು ಕಡಿಮೆ.

ಶ್ರವಣಬೆಳಗೊಳದಲ್ಲಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಬೇಕು, ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬೇಲೂರಿನ ಗುಡಿಯ ಅಂಗಳದಲ್ಲೂ ಚಪ್ಪಲಿ ಇಲ್ಲ. ಮಧ್ಯಾಹ್ನ ಹೋಗಿ ಅಂಗಾಲು ಬೊಬ್ಬೆ ಬರಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ, ಬೆಳಿಗ್ಗೆಯೇ ಹತ್ತಿ ಇಳಿಯಿರಿ.

ಬೆಂಗಳೂರು, ಮಂಡ್ಯ, ಮೈಸೂರು ಕಡೆಯವರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರಿನ ನಡುವೆಯೇ, ಮನೆಗಳ ಪಕ್ಕದ ಹುಣಸೆಮರ, ಆಲದ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ವರ್ಷದ ಮೊದಲ ತಿಂಗಳುಗಳಿಂದ ಬೇಸಿಗೆಯವರೆಗೆ ಇದು ನಡೆಯುತ್ತದೆ, ಆದ್ದರಿಂದ ಏಪ್ರಿಲ್‌ನಲ್ಲಿ ಹೋದರೆ ಮರಿಗಳನ್ನು ನೋಡಬಹುದು. ಊರ ಜನ ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಾರೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆದೊಯ್ಯಿರಿ, ಕಲ್ಲೆಸೆಯುವುದಿಲ್ಲ. ಬೆಂಗಳೂರಿನಲ್ಲೇ ಇರುವವರಿಗೆ ಲಾಲ್‌ಬಾಗ್ ಹತ್ತಿರವೇ ಇದೆ. ಅಲ್ಲಿಯ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಹೇಳಿ ಅದರ ಮೇಲೆ ಕೂರಿಸಿದರೆ ಎಂಥ ತುಂಟ ಮಗುವೂ ಎರಡು ನಿಮಿಷ ಸುಮ್ಮನಾಗುತ್ತದೆ. ಮಧ್ಯಾಹ್ನವೇ ಹೊರಡಬೇಕಾಗಿ ಬಂದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ನೆರಳಿನ ಜಾಗ.

ಕರಾವಳಿಯವರಿಗೆ ಕಡಲನ್ನು ನಾನು ಪರಿಚಯಿಸಬೇಕಿಲ್ಲ. ಘಟ್ಟದ ಮೇಲಿಂದ ಹೋಗುವವರಿಗೆ ಮಾತ್ರ ಒಂದು ಮಾತು. ಮೇ ಕೊನೆಯ ವಾರಗಳಲ್ಲಿ ಕಡಲಿನ ಸ್ವಭಾವ ಬದಲಾಗುತ್ತದೆ. ದಡದಲ್ಲಿರುವ ಮೀನುಗಾರರು ‘ಇಳಿಯಬೇಡಿ’ ಎಂದರೆ ವಾದ ಮಾಡದೆ ಮರಳಿನಲ್ಲಿ ಮನೆ ಕಟ್ಟಿಸಿ ವಾಪಸ್ ಬನ್ನಿ.

ಎಲ್ಲಿಗೂ ಹೋಗಲಾಗದ ವಾರವೂ ಇರುತ್ತದೆ. ಆಗ ಊರ ಸಂತೆಗೆ ಕರೆದೊಯ್ಯಿರಿ. ಮಗುವಿನ ಕೈಗೆ ಐವತ್ತು ರೂಪಾಯಿ ಕೊಟ್ಟು ಒಂದು ಹೊತ್ತಿನ ಪಲ್ಯಕ್ಕೆ ತರಕಾರಿ ನೀನೇ ಕೊಳ್ಳು ಎನ್ನಿ. ತಾನೇ ಆರಿಸಿದ ಹೀರೇಕಾಯಿಯನ್ನು ಮಗು ತಿನ್ನುತ್ತದೆ, ನನ್ನ ಮಾತು ನಂಬಿ. ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಸಂಜೆ ಒಂದು ಗಂಟೆ ರೈಲು ನೋಡುತ್ತ ಕೂರುವುದು ಸಣ್ಣ ಮಕ್ಕಳಿಗೆ ಹಬ್ಬ. ನನ್ನ ಮೊಮ್ಮಗನಿಗೆ ದುಬಾರಿ ಮಾಲ್‌ನ ಆಟಗಳಲ್ಲಿ ಯಾವುದೂ ನೆನಪಿಲ್ಲ, ಗೂಡ್ಸ್ ಗಾಡಿಯ ಐವತ್ತೆಂಟು ಡಬ್ಬಿ ಎಣಿಸಿದ್ದು ಮಾತ್ರ ನೆನಪಿದೆ.

ಬುತ್ತಿ ಮನೆಯಿಂದಲೇ ಇರಲಿ. ಬೇಸಿಗೆಯಲ್ಲಿ ಬರುವ ವಾಂತಿಭೇದಿ, ಟೈಫಾಯ್ಡ್, ಕಾಮಾಲೆಗಳಲ್ಲಿ ಬಹುಪಾಲು ಹೊರಗಿನ ನೀರಿನದು, ಕತ್ತರಿಸಿಟ್ಟ ಹಣ್ಣಿನದು, ಬಣ್ಣದ ಐಸಿನದು. ಚಿತ್ರಾನ್ನ, ಚಪಾತಿ, ಮಂಡಕ್ಕಿ ಉಸುಳಿ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಸೌತೆಕಾಯಿ ಒಯ್ಯಿರಿ. ಕಾಯಿಸಿ ಆರಿಸಿದ ನೀರು ಒಯ್ಯಿರಿ. ಶ್ರೀರಾಮನವಮಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರಲ್ಲ, ಅದನ್ನು ಒಂದು ದಿನಕ್ಕೆ ನಿಲ್ಲಿಸದೆ ಮೇ ಮುಗಿಯುವವರೆಗೆ ಮನೆಯಲ್ಲಿ ಮುಂದುವರಿಸಿದರೆ ಸಾಕು. ರಾಗಿಯ ಅಂಬಲಿ ಕುಡಿಯುವ ಮನೆಗಳಿಗೆ ನಾನು ಹೇಳಬೇಕಾದ್ದಿಲ್ಲ. ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದು ಬೆರೆಸಿ ಕುಡಿಸಿ. ಔಷಧ ಅಂಗಡಿಯ ಓ.ಆರ್.ಎಸ್. ಪುಡಿ ಇನ್ನೂ ಒಳ್ಳೆಯದು. ಆದರೆ ಬಣ್ಣದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ಅದೆಂದು ನಂಬಬೇಡಿ. ಅಂಥವುಗಳಿಗೆ ಆ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಬಿಸಿಲಿಗೆ ಹೋದ ಮಗುವಿಗೆ ತಲೆನೋವು, ವಾಕರಿಕೆ ಬಂದರೆ ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಸ್ವಲ್ಪ ಸ್ವಲ್ಪ ನೀರು ಕೊಡಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಮಂಪರು ಬಂದರೆ, ಆರು ಗಂಟೆಯಿಂದ ಮೂತ್ರವೇ ಆಗಿಲ್ಲವೆಂದಾದರೆ ಮನೆಮದ್ದಿಗೆ ಸಮಯವಿಲ್ಲ, ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಮೈ ಒದ್ದೆ ಮಾಡುತ್ತಿರಿ. ‘ಐದೇ ನಿಮಿಷ’ ಎಂದು ಮುಚ್ಚಿದ ಕಾರಿನಲ್ಲಿ ಮಗುವನ್ನು ಬಿಟ್ಟು ಅಂಗಡಿಗೆ ಹೋಗುವವರನ್ನು ಈಗಲೂ ಕಾಣುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಮಧ್ಯಾಹ್ನದ ಹೊತ್ತು. ಹತ್ತರಿಂದ ನಾಲ್ಕೂವರೆವರೆಗೆ ಮಕ್ಕಳು ಮನೆಯಲ್ಲೇ ಇರಬೇಕಾದ್ದು. ಬೇಗ ಎದ್ದ ಮಗುವಿಗೆ ಊಟವಾದ ಮೇಲೆ ಒಂದು ಗಂಟೆ ತಾನಾಗಿ ನಿದ್ದೆ ಬರುತ್ತದೆ. ಉಳಿದ ಹೊತ್ತಿಗೆ ಚೌಕಾಬಾರ, ಅಳಗುಳಿಮಣೆ, ಆಡುಹುಲಿ ಇವೆ. ಒಂದು ಸೀಮೆಸುಣ್ಣ, ಹಿಡಿ ಹುಣಸೆಬೀಜ ಇದ್ದರೆ ಆಟ ಸಿದ್ಧ. ಬೆಳಿಗ್ಗೆ ತಾಳಸಿ ಮೇಲೆ ಸಂಡಿಗೆ ಇಡುವಾಗ ಮಕ್ಕಳ ಕೈಗೂ ಹಿಟ್ಟು ಕೊಡಿ, ವಕ್ರವಾದರೆ ಆಗಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು, ಮಕ್ಕಳಿಗೆ ಸದಸ್ಯತ್ವ ಉಚಿತ. ಬೆಳಿಗ್ಗೆ ಹೋಗಿ ಎರಡು ಪುಸ್ತಕ ತಂದರೆ ಎರಡು ಮಧ್ಯಾಹ್ನ ಕಳೆಯುತ್ತವೆ.

ಮಧ್ಯಾಹ್ನ ಹೊರಗೆ ಹೋಗಬೇಡಿ ಎಂಬ ನನ್ನ ಮಾತಿಗೆ ವರ್ಷಕ್ಕೊಂದು ದಿನ, ಐದು ನಿಮಿಷದ ವಿನಾಯಿತಿ ಉಂಟು. ರಜೆಯಲ್ಲೇ ನಮ್ಮ ರಾಜ್ಯದ ಮೇಲೆ ಶೂನ್ಯ ನೆರಳಿನ ದಿನ ಹಾದುಹೋಗುತ್ತದೆ. ಅಂದು ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಬೆಂಗಳೂರು, ಮಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ದಾವಣಗೆರೆಯಲ್ಲಿ 29ರ ಸುಮಾರಿಗೆ, ಹುಬ್ಬಳ್ಳಿಯಲ್ಲಿ ಮೇ 2–3, ಕಲಬುರಗಿಯಲ್ಲಿ ಮೇ 9–10. ಮಧ್ಯಾಹ್ನ 12.15ರಿಂದ 12.30ರ ನಡುವೆ ಅಂಗಳದಲ್ಲಿ ಒಂದು ಲೋಟವನ್ನು ಬೋರಲು ಹಾಕಿಡಿ. ನೆರಳು ಕುಗ್ಗಿ ಕುಗ್ಗಿ ಲೋಟದ ಕೆಳಗೇ ಸೇರಿಕೊಳ್ಳುತ್ತದೆ. ತಲೆಗೆ ಟೊಪ್ಪಿ ಹಾಕಿಸಿ ತೋರಿಸಿ, ಸೂರ್ಯನನ್ನು ನೇರವಾಗಿ ನೋಡಲು ಬಿಡಬೇಡಿ, ಒಳಗೆ ಕರೆದುಕೊಂಡು ಬಂದು ಮಜ್ಜಿಗೆ ಕೊಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಷ್ಟೆಲ್ಲ ತಂದೆತಾಯಿಗಳಿಗೇ ಹೇಳುವುದು ಅನ್ಯಾಯವೆಂದೂ ನನಗೆ ಗೊತ್ತು. ಬೆಳಿಗ್ಗೆ ಆರಕ್ಕೇ ಕೂಲಿಗೆ ಹೊರಡುವ ತಾಯಿ ಯಾವ ಕೋಟೆಗೆ ಕರೆದೊಯ್ದಾಳು? ಪ್ರತಿ ಊರಿನಲ್ಲೂ ಒಂದು ಶಾಲೆಯಿದೆ, ಬಹುತೇಕ ಶಾಲೆಗಳಿಗೆ ಅಂಗಳವಿದೆ, ಅಂಗಳದಲ್ಲಿ ಬೇವಿನ ಮರವೋ ಹೊಂಗೆಯ ಮರವೋ ಇದೆ. ರಜೆ ಬಂದೊಡನೆ ಅದರ ಗೇಟಿಗೆ ಬೀಗ. ಮಕ್ಕಳಿಗೆ ಸುರಕ್ಷಿತ ಜಾಗ ಅತ್ಯಗತ್ಯವಾದ ಎರಡು ತಿಂಗಳಲ್ಲೇ ಊರಿನ ಅತ್ಯಂತ ಸುರಕ್ಷಿತ ಜಾಗ ಮುಚ್ಚಿರುತ್ತದೆ. ಬೀಗ ಹಾಕಿದರೆ ಕಿಟಕಿ ಉಳಿಯುತ್ತದೆ, ನಲ್ಲಿ ಉಳಿಯುತ್ತದೆ ಎನ್ನುತ್ತಾರೆ. ಹುಡುಗರು ಎಲ್ಲಿಗೆ ಹೋಗುತ್ತಾರೆಂದು ಯಾರೂ ಕೇಳುವುದಿಲ್ಲ. ಅವರು ಹೋಗುವುದು ಕೆರೆಗೆ, ನಾಲೆಗೆ, ಹೊಂಡಕ್ಕೆ.

2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಅಡುಗೆಮನೆಯ ಬಾಗಿಲು ತೆರೆಯಲು ಸಾಧ್ಯವಾದರೆ ಅಂಗಳದ ಗೇಟು ಯಾಕೆ ಸಾಧ್ಯವಿಲ್ಲ? ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಊರಿನ ಒಬ್ಬಿಬ್ಬರು ಹಿರಿಯರ ಕಾವಲು. ನಿವೃತ್ತ ಮೇಷ್ಟ್ರು, ಮಿಲಿಟರಿಯಿಂದ ಬಂದವರು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಎಲ್ಲ ಊರಿನಲ್ಲೂ ಇದ್ದಾರೆ. ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಬೇಕು, ಪಂಚಾಯಿತಿಯವರು ಒಂದು ಕುಡಿಯುವ ನೀರಿನ ಡ್ರಮ್ ಇಡಿಸಬೇಕು. ನಿಮ್ಮ ಊರಿನ ಸಮಿತಿಯಲ್ಲಿ ನೀವೂ ಸದಸ್ಯರಾಗಿದ್ದರೆ ಈ ಪತ್ರಿಕೆಯನ್ನು ಹಿಡಿದುಕೊಂಡೇ ಮುಂದಿನ ಸಭೆಗೆ ಹೋಗಿ.

ನಗರದ ಬೀದಿಗಳಲ್ಲಿ ಇನ್ನೊಂದು ಉಪಾಯವಿದೆ. ನಾಲ್ಕು ಮನೆಯವರು ಸೇರಿ ಸರದಿ ಹಾಕಿಕೊಳ್ಳಿ. ಈ ವಾರ ನಿಮ್ಮ ಮನೆಯವರು ನಾಲ್ಕೂ ಮನೆಯ ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ದರೆ ಮುಂದಿನ ವಾರ ಅವರ ಮನೆಯವರು. ತಿಂಗಳಿಗೆ ಒಂದೇ ಬೆಳಗು ಬಿಡುವು ಮಾಡಿಕೊಂಡರೂ ಮಗುವಿಗೆ ನಾಲ್ಕು ಬೆಳಗು ಸಿಕ್ಕಂತಾಯಿತು. ಜೊತೆಗೆ ಹೋದವರು ಮಾತ್ರ ಮೊಬೈಲು ನೋಡುತ್ತ ಬೆಂಚಿನ ಮೇಲೆ ಕೂರಬಾರದು. ಕರೆದುಕೊಂಡು ಹೋಗುವುದೆಂದರೆ ಕಣ್ಣನ್ನೂ ಜೊತೆಗೆ ಒಯ್ಯುವುದು.

ನಾನು ಮೊದಲು ಹೇಳಿದ ಆ ತಾಯಿಗೆ ಟಾನಿಕ್ ಬರೆಯಲಿಲ್ಲ. ಅಂಗಡಿಯ ವಾರದ ರಜೆ ಯಾವತ್ತು ಎಂದು ಕೇಳಿ, ಚೀಟಿಯ ಮೇಲೆ ‘ದುರ್ಗದ ಕೋಟೆ, ಬೆಳಿಗ್ಗೆ ಮೊದಲ ಬಸ್ಸು, ಎರಡು ಕ್ಯಾನ್ ನೀರು’ ಎಂದು ಬರೆದುಕೊಟ್ಟೆ. ಅವರು ನಕ್ಕರು, ಅಷ್ಟೇನೂ ನಂಬಿದಂತೆ ಕಾಣಲಿಲ್ಲ. ಮೇ ಮಧ್ಯದಲ್ಲಿ ಮಗಳ ಕಿವಿನೋವಿಗೆಂದು ಮತ್ತೆ ಬಂದರು. ನಾಲ್ವರೂ ಹೋಗಿಬಂದಿದ್ದರಂತೆ. ತಂದೆಯ ಟಿಕೆಟ್, ಮಗನ ಅರ್ಧ ಟಿಕೆಟ್, ಕೋಟೆಯ ಎರಡು ಟಿಕೆಟ್, ಇಳಿದ ಮೇಲೆ ಕುಡಿದ ಚಹಾ ಎಲ್ಲ ಸೇರಿ ನಾನೂರು ರೂಪಾಯಿ ದಾಟಲಿಲ್ಲವೆಂದು ಲೆಕ್ಕ ಒಪ್ಪಿಸಿದರು. ಆಟೋ ಓಡಿಸುವ ಅವರ ಯಜಮಾನರು ಎರಡನೇ ಬಾಗಿಲಿಗೇ ಏದುಸಿರು ಬಿಟ್ಟು ಕುಳಿತರಂತೆ, ಮಕ್ಕಳು ಕೈ ಹಿಡಿದು ಎಳೆದುಕೊಂಡು ಹೋದರಂತೆ. ಅವರ ರಕ್ತದೊತ್ತಡ ಒಮ್ಮೆ ನೋಡಬೇಕು, ಕರೆತನ್ನಿ ಎಂದು ಹೇಳಿದೆ.

ಹುಡುಗ ನನ್ನ ಮೇಜಿನ ಅಂಚು ಹಿಡಿದು ನಿಂತಿದ್ದವನು, “ಸೂಳೆಕೆರೆಗೆ ಹೋಗೋಕೆ ಎಲ್ಲಿ ಬಸ್ ಹತ್ತಬೇಕ್ರಿ?” ಎಂದು ಕೇಳಿದ. ಚನ್ನಗಿರಿ ಬಸ್ಸು ವಿಚಾರಿಸು ಎಂದೆ. ಏರಿಯ ಮೇಲೆ ನಡೆಯಬೇಕು, ನೀರಿಗೆ ಇಳಿಯಬಾರದು ಎಂದು ಅವನ ಬಾಯಿಂದಲೇ ಎರಡು ಸಲ ಹೇಳಿಸಿ ಕಳಿಸಿದೆ.